ಯುವ ಮತದಾರನ ನಿಟ್ಟುಸಿರು ಮತ್ತು ಸರಕಾರದ ನಿಶ್ಚಿಂತೆ

2023ರ ಮೇ 13ರಂದು ವಿಧಾನಸಭಾ ಚುನಾವಣೆಯ ಫಲಿತಾಂಶ ಹೊರಬಿದ್ದಾಗ ನಮ್ಮ ಮನೆಗಳ ಯುವಕ-ಯುವತಿಯರಲ್ಲಿ ಕಂಡುಬಂದ ಭಾವನೆಯನ್ನು ಹಲವರು ಸಂಭ್ರಮವೆಂದು ಕರೆದರು. ಕಾಂಗ್ರೆಸ್ 135 ಸ್ಥಾನಗಳನ್ನು ಪಡೆದಿತ್ತು. ಬಿಜೆಪಿ 66ಕ್ಕೂ ಜೆಡಿಎಸ್ 19ಕ್ಕೂ ಕುಸಿದಿದ್ದವು. ಆದರೆ ಆ ದಿನ ಮನೆಮನೆಯಲ್ಲಿ ಕೇಳಿಬಂದದ್ದು ನಿಟ್ಟುಸಿರು. ಬಂದವರು ಏನು ಮಾಡಿಯಾರು ಎಂಬುದಕ್ಕಿಂತ ಇದ್ದವರು ಹೋದರಲ್ಲ ಎಂಬ ಸಮಾಧಾನವೇ ಅಲ್ಲಿ ಹೆಚ್ಚಿತ್ತು.

ಈ ನಿಟ್ಟುಸಿರಿಗೆ ಕಾರಣವಿರಲಿಲ್ಲವೆಂದು ಯಾರೂ ಹೇಳಲಾರರು. 2022ರ ಫೆಬ್ರವರಿ 5ರಂದು ಸಮವಸ್ತ್ರದ ಕುರಿತು ಸರಕಾರಿ ಆದೇಶ ಹೊರಬಿದ್ದಾಗ ಪಿಯುಸಿಯಲ್ಲಿದ್ದ ಅನೇಕ ಹೆಣ್ಣುಮಕ್ಕಳಿಗೆ ಹದಿನೆಂಟು ತುಂಬಿರಲಿಲ್ಲ. ಶಿರವಸ್ತ್ರವೋ ತರಗತಿಯೋ ಎಂಬ ಪ್ರಶ್ನೆಯನ್ನು ಕಾಲೇಜಿನ ಗೇಟಿನ ಬಳಿ ಎದುರಿಸಿದ ಅವರು 2023ರ ಮೇ 10ರ ಹೊತ್ತಿಗೆ ಮತದಾರರಾಗಿದ್ದರು. ಚುನಾವಣೆಗೆ ಇನ್ನು ಕೆಲವೇ ವಾರಗಳಿವೆ ಎನ್ನುವಾಗ, ಮಾರ್ಚ್‌ನಲ್ಲಿ, 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ಅಂದಿನ ಸರಕಾರ ರದ್ದುಪಡಿಸಿತು. ವೈದ್ಯಕೀಯ, ಇಂಜಿನಿಯರಿಂಗ್ ಸೀಟಿನ ಲೆಕ್ಕಾಚಾರದಲ್ಲಿದ್ದ ಕುಟುಂಬಗಳ ಪಾಲಿಗೆ ಅದು ನೇರ ಹೊಡೆತ. ಸುಪ್ರೀಮ್ ಕೋರ್ಟಿನಲ್ಲಿ ಪ್ರಶ್ನೆ ಎದ್ದ ಬಳಿಕವೇ ಆ ಆದೇಶದ ಜಾರಿ ತಡೆಯಲ್ಪಟ್ಟಿತು. ಇಂಥ ಅನುಭವವಿದ್ದವರು ಮತಯಂತ್ರದ ಗುಂಡಿ ಒತ್ತುವಾಗ ಪ್ರಣಾಳಿಕೆಯ ಪುಟಗಳನ್ನು ತಿರುವಿ ಹಾಕಿರುತ್ತಾರೆಂದು ನಿರೀಕ್ಷಿಸುವುದು ಅನ್ಯಾಯವಾದೀತು.

ಆದರೆ ನಿಟ್ಟುಸಿರಿಗೆ ಒಂದು ದೋಷವಿದೆ. ಅದು ಏನನ್ನೂ ಕೇಳುವುದಿಲ್ಲ. ತನ್ನನ್ನು ಗೆಲ್ಲಿಸಿದವರಿಗೆ ತಾನು ಹಿಂದಿನವರಂತಲ್ಲ ಎಂಬುದಷ್ಟೇ ಸಾಕು ಎಂದು ಒಂದು ಸರಕಾರಕ್ಕೆ ಮನದಟ್ಟಾದರೆ, ಮುಂದಿನ ಐದು ವರ್ಷ ಅದು ನಿಶ್ಚಿಂತೆಯಿಂದ ಇರಬಲ್ಲದು.

ಕುಣಿಗಲ್ ತಾಲೂಕಿನ ಹುತ್ರಿದುರ್ಗ ಹೋಬಳಿಯ ಯುವ ಮತದಾರರನ್ನು ಗಮನಿಸಿ. 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಟಿಪ್ಪುವಿನ ಕಾವಲುಪಡೆಯಿಂದ ಹುತ್ರಿದುರ್ಗದ ಕೋಟೆಯನ್ನು ಕಿತ್ತುಕೊಂಡಾಗ ಬೆಟ್ಟದ ಕೆಳಗಿನ ಹಳ್ಳಿಗರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಅದು ಕೇಳುವ ಕಾಲವೂ ಆಗಿರಲಿಲ್ಲ ಬಿಡಿ. ಆದರೆ ಅದೇ ಬೆಟ್ಟದ ಕೆಳಗೆ 2018ರಲ್ಲಿ ಮೊದಲ ಬಾರಿಗೆ ಮತ ಹಾಕಿದ ಹದಿನೆಂಟರ ತರುಣ ಕಂಡದ್ದೇನು? ಬಿಜೆಪಿಗೆ 104 ಸ್ಥಾನಗಳು ಬಂದವು; ಯಡಿಯೂರಪ್ಪನವರು ಪ್ರಮಾಣವಚನ ಸ್ವೀಕರಿಸಿ ಎರಡೇ ದಿನಗಳಲ್ಲಿ ರಾಜೀನಾಮೆ ನೀಡಿದರು; ಕುಮಾರಸ್ವಾಮಿಯವರ ಮೈತ್ರಿ ಸರಕಾರ ಬಂತು. 2019ರ ಜುಲೈ 23ರಂದು 99-105 ಮತಗಳಿಂದ ಅದು ಬಿದ್ದು ಮತ್ತೆ ಯಡಿಯೂರಪ್ಪನವರೇ ಬಂದರು. ಆಗ ಕುಣಿಗಲ್‌ನಲ್ಲಿ ಯಾವ ಚುನಾವಣೆಯೂ ನಡೆಯಲಿಲ್ಲ. ಬೇರೆ ಕ್ಷೇತ್ರಗಳ ಶಾಸಕರ ರಾಜೀನಾಮೆಗಳಿಂದಲೇ ಸರಕಾರ ಬದಲಾಗಿತ್ತು. 2023ರಲ್ಲಿ ಮತ್ತೊಮ್ಮೆ ಬದಲಾವಣೆಯಾದಾಗಲೂ ಕುಣಿಗಲ್‌ನ ಶಾಸಕರು ಬದಲಾಗಲಿಲ್ಲ. 2018ರಲ್ಲಿ ಗೆದ್ದಿದ್ದ ಕಾಂಗ್ರೆಸ್‌ನ ಡಾ. ಎಚ್.ಡಿ. ರಂಗನಾಥ್ ಅವರೇ ಪುನಃ ಗೆದ್ದರು. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ, ಕುಣಿಗಲ್ ಸೇರಿರುವ ಬೆಂಗಳೂರು ಗ್ರಾಮಾಂತರ ಕ್ಷೇತ್ರವು ಕಾಂಗ್ರೆಸ್‌ನ ಡಿ.ಕೆ. ಸುರೇಶ್ ಅವರ ಬದಲು ಬಿಜೆಪಿಯ ಡಾ. ಸಿ.ಎನ್. ಮಂಜುನಾಥ್ ಅವರನ್ನು ಆರಿಸಿತು.

ಇಷ್ಟನ್ನು ಐದಾರು ವರ್ಷಗಳಲ್ಲಿ ಕಂಡ ತರುಣ 'ಯಾರು ಬಂದರೇನು' ಎಂದರೆ ಅದನ್ನು ಉಡಾಫೆಯೆಂದು ತಳ್ಳಿಹಾಕಲಾಗದು. ಆದರೂ ಅವನ ಮಾತನ್ನು ನಾವು ಒಪ್ಪುವುದಿಲ್ಲ. ಸರಕಾರ ಅವನ ಕೈಮೀರಿ ಬದಲಾಗಿರಬಹುದು. ಶಾಸಕರು ಮಾತ್ರ ಅವನ ಊರಿನವರ ಮತದಿಂದಲೇ ಆಯ್ಕೆಯಾದವರು. ಮುಖ್ಯಮಂತ್ರಿ ಯಾರಾಗುತ್ತಾರೆಂದು ರಾತ್ರಿಯಿಡೀ ಟಿ.ವಿ. ನೋಡುವ ನಮ್ಮ ಮನೆಗಳಲ್ಲಿ, ಸ್ವಂತ ಶಾಸಕರು ಸದನದಲ್ಲಿ ಕೇಳಿದ ಒಂದು ಪ್ರಶ್ನೆಯನ್ನಾದರೂ ಹೇಳಬಲ್ಲವರು ಎಷ್ಟು ಮಂದಿ ಇದ್ದಾರೆ?

ಕೇಳದಿದ್ದರೆ ಏನಾಗುತ್ತದೆಂಬುದನ್ನು 2023ರ ಡಿಸೆಂಬರ್ ತೋರಿಸಿತು. ಸಮವಸ್ತ್ರದ ಆದೇಶವನ್ನು ಹಿಂಪಡೆಯಲು ಸೂಚಿಸಿರುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು 22ರಂದು ಹೇಳಿದರು; ಮರುದಿನವೇ ಅದು ಪರಿಶೀಲನೆಯಲ್ಲಿದೆ ಎಂದರು. 21ರ ತನಕ ಆ ಹೆಣ್ಣುಮಕ್ಕಳ ಪರವಾಗಿ ಎಷ್ಟು ಶಾಸಕರ ಬಾಗಿಲಿಗೆ ಎಷ್ಟು ಮನವಿಗಳು ಹೋಗಿದ್ದವು? ಗೆದ್ದ ದಿನ ಹಾರ ಹಾಕಿದ ಕೈಗಳಲ್ಲಿ ಎಷ್ಟು ಕೈಗಳು ಅರ್ಜಿ ಬರೆದವು? ಹೊಸ ಸರಕಾರಕ್ಕೆ ಮುಜುಗರವಾದೀತೆಂಬ ದಾಕ್ಷಿಣ್ಯ ನಮ್ಮ ಹಿರಿಯರಲ್ಲಿದೆ. ಆ ದಾಕ್ಷಿಣ್ಯದ ಬೆಲೆಯನ್ನು ಕಿರಿಯರು ತೆರುತ್ತಾರೆ.

ಯುವನಿಧಿಯ ವಿಷಯವೂ ಹಾಗೆಯೇ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಗೊಂಡ ಈ ಯೋಜನೆಯು ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1500 ರೂಪಾಯಿಯನ್ನು ಗರಿಷ್ಠ ಎರಡು ವರ್ಷಗಳ ಮಟ್ಟಿಗೆ ಘೋಷಿಸಿತು. ಅರ್ಹರು ಪಡೆಯಲಿ. ಆದರೆ ಎರಡು ವರ್ಷ ಮುಗಿದ ಮರುದಿನ ಆ ಪದವೀಧರ ಎಲ್ಲಿಗೆ ಹೋಗಬೇಕು ಎಂಬುದನ್ನು ಕೇಳಬೇಕಾದವನು ಆ ಹಣ ಪಡೆಯುವವನೇ.

ಹುತ್ರಿದುರ್ಗದ ತರುಣನಿಗೆ ಕೇಳಲು ಇನ್ನೂ ಹತ್ತಿರದ ಪ್ರಶ್ನೆಯೊಂದಿದೆ. ರಾಜ್ಯದ ಜಿಲ್ಲಾ ಮತ್ತು ತಾಲೂಕು ಪಂಚಾಯತ್‌ಗಳ ಅವಧಿ ಮುಗಿದದ್ದು 2021ರಲ್ಲಿ. ಬಿಜೆಪಿ ಸರಕಾರ ಚುನಾವಣೆ ನಡೆಸದೆಯೇ ಹೋಯಿತು. 2023ರಲ್ಲಿ ಬಂದ ಕಾಂಗ್ರೆಸ್ ಸರಕಾರದ ಅಡಿಯಲ್ಲೂ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ಮೊಕದ್ದಮೆ ಎನ್ನುತ್ತಲೇ ವರ್ಷಗಳು ಉರುಳಿದವು. ಅವನ ಊರಿನ ಶಾಲೆ, ರಸ್ತೆ, ನೀರಿಗೆ ಸಂಬಂಧಿಸಿದ ಹಣವನ್ನು ಅವನು ಆರಿಸದ ಆಡಳಿತಾಧಿಕಾರಿಗಳು ನಿರ್ವಹಿಸಿದರು. ಎರಡು ಪಕ್ಷಗಳು ಸೇರಿ ತಡೆಹಿಡಿದ ಆ ಮತಕ್ಕೆ ಉತ್ತರ ಕೊಡಬೇಕಾದವರು ವಿಧಾನಸೌಧದಲ್ಲಷ್ಟೇ ಇಲ್ಲ, ಕುಣಿಗಲ್‌ನಲ್ಲೂ ಇದ್ದಾರೆ.