ಮೆಚ್ಚುಗೆಯೂ ಹಿಂಸೆಯೇ

ಕಳಚಿ ಪೆಟ್ಟಿಗೆಯಲ್ಲಿರಿಸಬಹುದಾದ, ಹೇಳಿ ಮಾಡಿಸಿದ ಬೇಟೆಯ ರೈಫಲ್ಲನ್ನು ಕಂಡು ಮೈಮರೆಯುವವರ ಸಮರ್ಥನೆ ಸದಾ ಒಂದೇ: ಮೆಚ್ಚುವುದು ಕುಶಲಕಲೆಯನ್ನು, ಕೊಲೆಯನ್ನಲ್ಲ. ಅಕ್ರೋಟು ಮರದ ಹಿಡಿ, ಉಕ್ಕಿನ ಮೇಲಿನ ಕೆತ್ತನೆ ಚೆಲುವಾದುವೇ ಸರಿ. ಕುಶಲಕರ್ಮಿಯ ಶ್ರದ್ಧೆಯನ್ನು ಅಲ್ಲಗಳೆಯಬೇಕಿಲ್ಲ. ಆದರೆ ಆ ನಳಿಗೆ ಅಷ್ಟು ಅಗಲವೇಕೆ? .470 ನೈಟ್ರೊ ಎಕ್ಸ್‌ಪ್ರೆಸ್ ತೋಟೆಯ 32 ಗ್ರಾಂ ಗುಂಡು ಆನೆಯ ತಲೆಬುರುಡೆಯನ್ನು ಭೇದಿಸಲೆಂದು. ಕಳಚುವ ಜೋಡಣೆಯೇಕೆ? ದೂರದ ಕಾಡಿಗೆ ಸುಲಭವಾಗಿ ಒಯ್ಯಲೆಂದು. ಪ್ರತಿಯೊಂದು ಅಳತೆಯೂ ಒಂದು ಜೀವದ ಅಂತ್ಯವನ್ನು ಲೆಕ್ಕಹಾಕಿಯೇ ನಿರ್ಧಾರವಾದುದು. ಕೊಲೆಯನ್ನು ಕಳೆದು ಈ ಕಲೆಯನ್ನು ವಿವರಿಸಲಾಗದು.

ಹಿಂಸೆಯನ್ನು ಕೃತ, ಕಾರಿತ, ಅನುಮತವೆಂದು ಎಣಿಸಿದ ಪೂರ್ವಾಚಾರ್ಯರು ಮೆಚ್ಚಿದವನನ್ನೂ ಹೊಣೆಯಿಂದ ಬಿಡಲಿಲ್ಲ. ಆಯುಧ ನೀಡುವುದನ್ನು ಸಮಂತಭದ್ರರು ಹಿಂಸಾದಾನವೆಂದು ಅನರ್ಥದಂಡಗಳಲ್ಲಿ ಸೇರಿಸಿದರು.

ಸೊಕ್ಕೆಯೂ ಸೇರಿದ ಜಗಳೂರು ತಾಲ್ಲೂಕಿನಲ್ಲಿ, ರಂಗಯ್ಯನದುರ್ಗದ ಕುರುಚಲು ಕಾಡು 2011ರಲ್ಲಿ ಕೊಂಡುಕುರಿಯ ವನ್ಯಧಾಮವಾಯಿತು. ಸುಮಾರು 20 ಕಿಲೋ ತೂಗುವ, ನಾಲ್ಕು ಕೊಂಬಿನ ಆ ಅಂಜುಬುರುಕ ಪ್ರಾಣಿಯನ್ನು ಕೊಲ್ಲುವುದು 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ. ಕಾಯಿದೆ ಗುಂಡು ಹಾರಿಸುವ ಕೈಯನ್ನಷ್ಟೇ ತಡೆಯಬಲ್ಲದು. ಹೊಗಳುವವರಿರುವ ತನಕ ಮಾಡಿಸುವವರಿರುತ್ತಾರೆ; ಮಾಡಿಸಿದ್ದು ಪೆಟ್ಟಿಗೆಯಲ್ಲೇ ಉಳಿಯುವುದೆಂಬ ಭರವಸೆಯನ್ನು ಕೊಂಡುಕುರಿಗೆ ಕೊಡುವವರು ಯಾರು?