ಕ್ಷಮೆಯೆಂಬ ಋಣ

ಕ್ರೈಸ್ತ ಜೀವನದಲ್ಲಿ ಕ್ಷಮಿಸುವವನು ಮೊದಲು ತಾನೇ ಕ್ಷಮೆ ಪಡೆದವನು. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ ದೃಷ್ಟಾಂತದಲ್ಲಿ, ಹತ್ತು ಸಾವಿರ ತಲಾಂತುಗಳ ಸಾಲದಿಂದ ಬಿಡುಗಡೆ ಹೊಂದಿದ ಸೇವಕನು ಕೇವಲ ನೂರು ದಿನಾರಿ ನಾಣ್ಯಗಳಿಗಾಗಿ ಜೊತೆಯವನ ಕುತ್ತಿಗೆ ಹಿಸುಕುತ್ತಾನೆ. ಪಡೆದ ಕ್ಷಮೆಯನ್ನೂ ಕಳೆದುಕೊಳ್ಳುತ್ತಾನೆ. ಪಡೆದುದನ್ನು ಕೊಡದಿದ್ದರೆ ಅದು ಉಳಿಯದು.

ಆದರೂ ಈ ಋಣವನ್ನು ಅಪರಾಧಿಯು ತನ್ನ ಹಕ್ಕೆಂದು ಕೇಳುವಂತಿಲ್ಲ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಪತಿ ಗ್ರಹಾಂ ಸ್ಟೇನ್ಸ್ ಅವರನ್ನೂ ಇಬ್ಬರು ಪುತ್ರರನ್ನೂ ಸಜೀವವಾಗಿ ಸುಟ್ಟವರನ್ನು ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದರು. ಬಾರಿಪದದ ಕುಷ್ಠರೋಗಿಗಳ ಸೇವೆಯನ್ನು ಮುಂದುವರಿಸಿದರು. ನ್ಯಾಯಾಲಯವು ಮುಖ್ಯ ಅಪರಾಧಿಗೆ ಶಿಕ್ಷೆ ವಿಧಿಸಿತು. ಇಲ್ಲಿ ವಿರೋಧವೇನೂ ಇಲ್ಲ. ದಂಡವು ರಾಜ್ಯದ ಹೊಣೆ. ದ್ವೇಷತ್ಯಾಗವು ನೊಂದವರು ದೇವರಿಗೆ ಸಲ್ಲಿಸುವ ಋಣ. ಒಂದನ್ನು ತೋರಿಸಿ ಇನ್ನೊಂದನ್ನು ಮನ್ನಾ ಮಾಡಲಾಗದು.