ಸಾಮೂಹಿಕ ಸೌರ ಖರೀದಿ: ದರದಷ್ಟೇ ಮುಖ್ಯ ಅಳವಡಿಕೆಗಾರರ ತರಬೇತಿ

ಮನೆಗಳ ಮೇಲ್ಛಾವಣಿಯಲ್ಲಿ ಸೌರ ವಿದ್ಯುತ್ ಘಟಕ ಅಳವಡಿಸಿಕೊಳ್ಳುವುದನ್ನು ಉತ್ತೇಜಿಸಲು ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ಪಿ.ಎಂ. ಸೂರ್ಯ ಘರ್ ಯೋಜನೆಯನ್ನು ಜಾರಿಗೆ ತಂದಿರುತ್ತದೆ. ಇದರನ್ವಯ 2 ಕಿಲೋವ್ಯಾಟ್‌ವರೆಗೆ ಪ್ರತಿ ಕಿಲೋವ್ಯಾಟ್‌ಗೆ ರೂ. 30,000 ಹಾಗೂ ಮೂರನೆಯ ಕಿಲೋವ್ಯಾಟ್‌ಗೆ ರೂ. 18,000, ಹೀಗೆ ಒಂದು ಮನೆಗೆ ಗರಿಷ್ಠ ರೂ. 78,000 ಸಹಾಯಧನವನ್ನು ನಿಗದಿಪಡಿಸಲಾಗಿದೆ. ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘಗಳ ಸಾಮಾನ್ಯ ಸೌಲಭ್ಯಗಳಿಗೆ ಪ್ರತಿ ಕಿಲೋವ್ಯಾಟ್‌ಗೆ ರೂ. 18,000 ಸಹಾಯಧನವಿರುತ್ತದೆ.

ಒಂದೇ ಬಡಾವಣೆಯ ಹಲವು ಮನೆಯವರು ಒಗ್ಗೂಡಿ ಒಬ್ಬ ಮಾರಾಟಗಾರರಿಂದ ಖರೀದಿಸಿದಲ್ಲಿ ದರ ಇಳಿಯುವ ಅವಕಾಶವಿರುತ್ತದೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಒಂದು ಭಾಗದ ನಿವಾಸಿಗಳು 2009ರಲ್ಲಿ ಇದೇ ಕ್ರಮವನ್ನು ಅನುಸರಿಸಿದ್ದರು. ಸ್ವಂತ ಮನೆಗಳೂ ನಿವಾಸಿಗಳ ಸಂಘಗಳೂ ಇರುವ ಜಯನಗರ, ಜೆ.ಪಿ. ನಗರ, ಬನಶಂಕರಿ ಹಾಗೂ ಬಿ.ಟಿ.ಎಂ. ಬಡಾವಣೆಗಳಿಗೆ ಈ ಕ್ರಮ ಹೊಂದುತ್ತದೆ. ಆದರೆ ಒಂಟಿ ಖರೀದಿಯಲ್ಲಿ ಕಳಪೆ ಕಾಮಗಾರಿಯ ನಷ್ಟ ಒಂದು ಮನೆಗೆ ಸೀಮಿತವಾದರೆ, ಸಾಮೂಹಿಕ ಖರೀದಿಯಲ್ಲಿ ಅದು ಎಲ್ಲ ಮನೆಗಳಿಗೂ ಹರಡುತ್ತದೆ.

ಉದಾಹರಣೆಗೆ, 20 ಮನೆಗಳು ತಲಾ 3 ಕಿಲೋವ್ಯಾಟ್ ಘಟಕ ಖರೀದಿಸಿದವೆಂದು ಭಾವಿಸೋಣ. ಒಂದು ಕಿಲೋವ್ಯಾಟ್‌ನಿಂದ ದಿನಕ್ಕೆ ಸರಾಸರಿ 4 ಯೂನಿಟ್‌ನಂತೆ ಲೆಕ್ಕ ಹಾಕಿದಲ್ಲಿ, ವರ್ಷಕ್ಕೆ 87,600 ಯೂನಿಟ್ ಉತ್ಪಾದನೆಯಾಗುತ್ತದೆ. ಅಳವಡಿಕೆಯ ದೋಷದಿಂದ ಶೇ. 10ರಷ್ಟು ಕುಂದಿದರೂ ವರ್ಷಕ್ಕೆ 8,760 ಯೂನಿಟ್ ನಷ್ಟ. ಫಲಕಗಳ ಬಾಳಿಕೆ ಸುಮಾರು 25 ವರ್ಷ. ಖರೀದಿಯ ದಿನ ಉಳಿದ ಹಣವು ಈ ನಷ್ಟದಲ್ಲಿಯೇ ಕರಗಬಹುದು.

ಈ ಭಾಗದ ಮೇಲ್ಛಾವಣಿಗಳಲ್ಲಿ ನೀರಿನ ಟ್ಯಾಂಕ್, ಸೋಲಾರ್ ವಾಟರ್ ಹೀಟರ್ ಹಾಗೂ ಮೆಟ್ಟಿಲ ಕೋಣೆ ಸಾಮಾನ್ಯ. ಜಯನಗರದಲ್ಲಿ ಮರಗಳ ನೆರಳು, ಬಿ.ಟಿ.ಎಂ. ಬಡಾವಣೆಯಲ್ಲಿ ಪಕ್ಕದ ಬಹುಮಹಡಿ ಕಟ್ಟಡದ ನೆರಳು ಬೀಳುವುದುಂಟು. ಒಂದು ಫಲಕದ ಮೇಲೆ ಬಿದ್ದ ನೆರಳು ಅದರೊಡನೆ ಜೋಡಿಸಿದ ಇತರ ಫಲಕಗಳ ಉತ್ಪಾದನೆಯನ್ನೂ ತಗ್ಗಿಸಬಲ್ಲದು. ತಾರಸಿಯನ್ನು ಕೊರೆದ ಜಾಗವನ್ನು ಸರಿಯಾಗಿ ಮುಚ್ಚದಿದ್ದಲ್ಲಿ ಮಳೆಗಾಲದಲ್ಲಿ ಸೋರುತ್ತದೆ. ಹಗಲಿನಲ್ಲಿ ಮನೆಯ ಮೇನ್ ಸ್ವಿಚ್ ಆರಿಸಿದ್ದರೂ ಫಲಕಗಳ ತಂತಿಯಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಇದನ್ನರಿಯದ ಕೆಲಸಗಾರರ ಪ್ರಾಣಕ್ಕೇ ಅಪಾಯ.

ಆದುದರಿಂದ ತರಬೇತಿ ಅತ್ಯಗತ್ಯ. ಕೇಂದ್ರ ನವ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯವು 2015ರಲ್ಲಿ ಆರಂಭಿಸಿದ ‘ಸೂರ್ಯಮಿತ್ರ’ ತರಬೇತಿಯನ್ನು 600 ಗಂಟೆಗಳ ಅವಧಿಗೆ, ಮುಖ್ಯವಾಗಿ ಐ.ಟಿ.ಐ. ತೇರ್ಗಡೆಯಾದವರಿಗಾಗಿ ರೂಪಿಸಲಾಗಿತ್ತು. ಜೆ.ಪಿ. ನಗರದಲ್ಲಿ ಕಚೇರಿ ಹೊಂದಿರುವ, ಹರೀಶ್ ಹಂದೆ ಅವರು ಸಹಸ್ಥಾಪಕರಾಗಿರುವ ಸೆಲ್ಕೋ ಸಂಸ್ಥೆಯು 1995ರಿಂದ ಗ್ರಾಮೀಣ ಭಾಗದಲ್ಲಿ ಸ್ಥಳೀಯ ತಂತ್ರಜ್ಞರ ಮೂಲಕ ಮನೆ ಬಾಗಿಲಿಗೆ ಸೇವೆ ಒದಗಿಸಿದೆ. ಮಾರಾಟದ ನಂತರದ ಸೇವೆಯಿಲ್ಲದೆ ಸೌರ ಘಟಕ ಬಾಳುವುದಿಲ್ಲವೆಂಬುದು ಆ ಅನುಭವದ ಸಾರ.

ಸಂಘಗಳು ಹಾಗೂ ಅರ್ಜಿದಾರರು ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು:

1. ದರಪಟ್ಟಿಯೊಂದಿಗೆ, ತಮ್ಮ ಮನೆಗಳಲ್ಲಿ ಕೆಲಸ ನಿರ್ವಹಿಸುವವರ ತರಬೇತಿ ಪ್ರಮಾಣಪತ್ರಗಳನ್ನೂ ಕೇಳಿ ಪಡೆಯುವುದು.
2. ಪ್ರತಿ ಮನೆಯ ನೆರಳಿನ ಸಮೀಕ್ಷೆಯನ್ನು ಪ್ರತ್ಯೇಕವಾಗಿ ಮಾಡಿಸುವುದು.
3. ಮಾರಾಟಗಾರರು 5 ವರ್ಷಗಳ ನಿರ್ವಹಣೆಗೆ ಬದ್ಧರಿರಬೇಕಾದುದರಿಂದ, ದೂರುಗಳನ್ನು ಸರಿಪಡಿಸುವ ಕಾಲಮಿತಿಯನ್ನು ಒಪ್ಪಂದದಲ್ಲಿ ನಮೂದಿಸುವುದು.
4. ಖರೀದಿ ಸಾಮೂಹಿಕವಾದರೂ, ಮನೆಯ ಸಹಾಯಧನಕ್ಕೆ ಆಯಾ ವಿದ್ಯುತ್ ಗ್ರಾಹಕರ ಹೆಸರಿನಲ್ಲಿಯೇ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸುವುದು. ಬೆಸ್ಕಾಂ ಪರಿಶೀಲನೆ ಹಾಗೂ ನೆಟ್ ಮೀಟರ್ ಅಳವಡಿಕೆಯ ನಂತರವೇ ಸಹಾಯಧನ ಬಿಡುಗಡೆಯಾಗುತ್ತದೆ.

ಸಾರ್ವಜನಿಕರು ಕಡಿಮೆ ದರವೊಂದನ್ನೇ ಪರಿಗಣಿಸದೆ, ಅಳವಡಿಕೆಗಾರರ ತರಬೇತಿಯನ್ನು ಖಚಿತಪಡಿಸಿಕೊಂಡ ನಂತರವೇ ಮುಂಗಡ ಪಾವತಿಸುವಂತೆ ಕೋರಲಾಗಿದೆ.